ಮನಸ್ಸು ಮುರಿಯದೆ ಎದುರು ಮಾತಾಡುವುದು: ಭಿನ್ನಾಭಿಪ್ರಾಯ ಹೇಳುವ ಕ್ರಮ

ಉತ್ತರ ಕನ್ನಡದಲ್ಲಿ ವಾದ ಮಾಡುವವರಿಗೆ ಬರವಿಲ್ಲ. ಶಿರಸಿಯ ಸಹಕಾರಿ ಸಂಘದ ಸರ್ವಸಾಧಾರಣ ಸಭೆಯಿರಲಿ, ಸಿದ್ದಾಪುರದ ಮನೆಯ ಜಗಲಿಯಿರಲಿ, ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕುಳಿತವರ ಗುಂಪಿರಲಿ, ಮಾತಿಗೆ ಎದುರು ಮಾತು ಹುಟ್ಟಲು ಹೊತ್ತು ಬೇಕಾಗುವುದಿಲ್ಲ. ಕೊರತೆ ಇರುವುದು ಬೇರೆ ಕಡೆ. ವಾದ ಮುಗಿದ ಮರುದಿನವೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತೆ ವಾದಿಸುವುದು ನಮ್ಮಲ್ಲಿ ಕಡಿಮೆ. ತೋಟದ ಹಿಸ್ಸೆಯ ಮಾತು ಕೆಟ್ಟು ಅಣ್ಣತಮ್ಮಂದಿರ ಮಕ್ಕಳೂ ಮಾತು ಬಿಟ್ಟಿರುವ ಮನೆಗಳು ನಮ್ಮ ಸೀಮೆಯಲ್ಲಿ ಹುಡುಕದೆ ಸಿಗುತ್ತವೆ. ಜಗಳವಾದೀತೆಂದು ಹೆದರಿ ಹೇಳಬೇಕಾದ್ದನ್ನು ನುಂಗಿಕೊಂಡು ಒಳಗೊಳಗೇ ಕುದಿಯುವ ಮನೆಗಳೂ ಅಷ್ಟೇ ಇವೆ. ಎರಡನೆಯದನ್ನು ಶಾಂತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇದಕ್ಕೆ ಬೇಕಾದ ವಿದ್ಯೆ ಈ ಜಿಲ್ಲೆಯಲ್ಲೇ ಇದೆ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು, ಕೈಯಲ್ಲಿ ಬರೆದ ಮಾತಿಲ್ಲದೆ, ಪಾತ್ರವಾಗಿ ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ಕೇಳಿದಾಗ ರಾಮನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ವಾಲಿಯ ಪ್ರಶ್ನೆ ಸಪ್ಪೆಯಾದರೆ ರಾಮನ ಉತ್ತರವೂ ಸಪ್ಪೆಯಾಗುತ್ತದೆ ಎಂಬುದು ಕೂಟದಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಆದ್ದರಿಂದ ಒಳ್ಳೆಯ ಅರ್ಥಧಾರಿ ಎದುರಿನವನನ್ನು ಕುಗ್ಗಿಸುವುದಿಲ್ಲ, ಅವನ ಮಾತಿಗೆ ಜಾಗ ಬಿಡುತ್ತಾನೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಂದು ವಾಲಿಯಾದವರು ಇನ್ನೊಂದು ಕೂಟದಲ್ಲಿ ರಾಮನಾಗಬೇಕಾಗಬಹುದು. ಎರಡೂ ಪಕ್ಷದ ನ್ಯಾಯ ಬಾಯಿಗೆ ಬರದವರಿಗೆ ಆ ಮಣೆಯ ಮೇಲೆ ಕೂರಲು ಆಗುವುದಿಲ್ಲ. ಈ ಮಾರ್ಗದರ್ಶಿಯ ಬೇರು ಅಲ್ಲಿದೆ: ಎದುರಿನವರ ಪಾತ್ರವನ್ನು ಅವರಷ್ಟೇ ಚೆನ್ನಾಗಿ ಹೇಳಲು ಬರುವ ತನಕ ನಮ್ಮ ಪಾತ್ರಕ್ಕೆ ಬಾಯಿ ತೆರೆಯುವ ಹೊತ್ತು ಬಂದಿಲ್ಲ.

ಮೊದಲ ಹೆಜ್ಜೆ: ಭೇದ ಯಾವುದರಲ್ಲಿದೆ ಎಂದು ನೋಡಿ

ಅಭಿಪ್ರಾಯಭೇದಗಳಲ್ಲಿ ಮೂರು ಬಗೆ. ಕೆಲವು ಸಂಗತಿಯ ಬಗ್ಗೆ, ಕೆಲವು ಹಿತದ ಬಗ್ಗೆ, ಕೆಲವು ಮೌಲ್ಯದ ಬಗ್ಗೆ. ಮೂರಕ್ಕೂ ಒಂದೇ ರೀತಿಯಲ್ಲಿ ವಾದಿಸಲು ಹೋದಾಗಲೇ ಮಾತು ಕೆಡುತ್ತದೆ.

ಸಂಗತಿಯ ಭೇದವನ್ನು ವಾದದಿಂದ ಬಗೆಹರಿಸಲು ಹೋಗಲೇಬೇಡಿ, ಪರೀಕ್ಷಿಸಿ. ಮಳೆಗಾಲದ ಮುಂಚೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯಲು ಬೋರ್ಡೋ ದ್ರಾವಣ ಕಲಸುತ್ತಿದ್ದೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಲೆಕ್ಕ. ಸುಣ್ಣ ಹಳೆಯದು, ಇಷ್ಟು ಸಾಲದು ಎಂದು ಅಪ್ಪ ಹೇಳುತ್ತಾರೆ, ಸಾಕು ಎಂದು ಮಗ ಹೇಳುತ್ತಾನೆ. ಇಲ್ಲಿ ಅನುಭವ ಯಾರದು ದೊಡ್ಡದು ಎಂಬ ಮಾತಿಗೆ ಅರ್ಥವಿಲ್ಲ. ತುಕ್ಕಿಲ್ಲದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಸೇರಿಸಬೇಕು. ಅಲಗು ಹಾಗೇ ಇದ್ದರೆ ಸಾಕು. ಅಪ್ಪ ಮಗ ಇಬ್ಬರೂ ಚಾಕುವಿನ ಮಾತು ಕೇಳಿದರೆ ಅಲ್ಲಿಗೆ ಮುಗಿಯಿತು. ಬೇಲಿಯ ಗಡಿಯ ತಕರಾರೂ ಬಹುಪಾಲು ಇದೇ ಜಾತಿಯದು. ಅಜ್ಜನ ಕಾಲದಲ್ಲಿ ಬೇಲಿ ಎಲ್ಲಿತ್ತು ಎಂದು ಕೂಗಾಡುವ ಬದಲು ಪಹಣಿ, ನಕ್ಷೆ ತೆಗೆಸಿ ಭೂಮಾಪಕರನ್ನು ಕರೆಸುವುದು ಕಡಿಮೆ ಖರ್ಚಿನ ಕೆಲಸ.

ಹಿತದ ಭೇದ ಹೀಗಲ್ಲ. ಕರಾವಳಿಯಲ್ಲಿ ದಡದ ಹತ್ತಿರ ಮೀನು ಹಿಡಿಯುವ ಚಿಕ್ಕ ಪಾತಿ ದೋಣಿಯವರಿಗೂ, ದೊಡ್ಡ ಬಲೆಯಿಂದ ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನವರಿಗೂ ನಡುವಿನ ತಕರಾರು ಹಳೆಯದು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದರೂ ಆ ಜಗಳ ದಡದಲ್ಲಿ ಇನ್ನೂ ಜೀವಂತವಾಗಿದೆ. ಇಬ್ಬರು ಷಡ್ಡಕರು, ಒಬ್ಬರದು ದೋಣಿ, ಇನ್ನೊಬ್ಬರಿಗೆ ಬೋಟಿನಲ್ಲಿ ಪಾಲು ಎಂದುಕೊಳ್ಳಿ. ನಿಮ್ಮಿಂದಲೇ ಮೀನು ಕಡಿಮೆಯಾಯಿತು, ನಿಮಗೆ ಹೊಟ್ಟೆಕಿಚ್ಚು ಎಂಬಲ್ಲಿಗೆ ಮಾತು ಬರುತ್ತದೆ. ಆ ಮಾತಿನ ಅಡಿಯಲ್ಲಿ ಒಬ್ಬರಿಗೆ ಬೋಟಿನ ಸಾಲದ ಕಂತು ಇದೆ, ಇನ್ನೊಬ್ಬರಿಗೆ ದಡದ ಹತ್ತಿರ ಬರಿದಾದ ಬಲೆ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಲ್ಲುವುದು ಇಬ್ಬರಿಗೂ ಬೇಕಾದದ್ದೇ, ಮೀನು ಮೊಟ್ಟೆಯಿಟ್ಟು ಮರಿ ಬೆಳೆಯದಿದ್ದರೆ ಇಬ್ಬರಿಗೂ ಊಟವಿಲ್ಲ. ಕಂತನ್ನೂ ಬರಿದಾದ ಬಲೆಯನ್ನೂ ಮೇಜಿನ ಮೇಲಿಟ್ಟರೆ ಎಷ್ಟು ದೂರದಲ್ಲಿ, ಯಾವ ಬಲೆ, ಯಾವ ತಿಂಗಳು ಎಂಬ ಚೌಕಾಸಿ ಸಾಧ್ಯ. ಹೊಟ್ಟೆಕಿಚ್ಚಿನ ಮೇಲೆ ಚೌಕಾಸಿ ಸಾಧ್ಯವಿಲ್ಲ.

ಮೌಲ್ಯದ ಭೇದ ಎಲ್ಲಕ್ಕಿಂತ ಕಷ್ಟದ್ದು. ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ, ಬಂದರು ವಿಸ್ತರಣೆ: ದೇಶಕ್ಕೆ ಬೇಕಾದ್ದಕ್ಕೆ ಯಾರ ನೆಲ, ಯಾರ ಕಾಡು, ಯಾರ ದಡ ಹೋಗಬೇಕು ಎಂಬ ಪ್ರಶ್ನೆಯನ್ನು ಈ ಜಿಲ್ಲೆ ಮತ್ತೆ ಮತ್ತೆ ಎದುರಿಸಿದೆ. ಇಂಥದ್ದರಲ್ಲಿ ಒಂದು ಸಂಜೆಯ ಮಾತಿನಿಂದ ಯಾರೂ ಬದಲಾಗುವುದಿಲ್ಲ. ಬದಲಾಗಬೇಕೆಂದು ನಿರೀಕ್ಷಿಸಿ ಕೂತರೆ ಸಿಟ್ಟು ಬರುತ್ತದೆ. ಎದುರಿನವರು ಯಾವುದನ್ನು ಕಳೆದುಕೊಳ್ಳಲು ಹೆದರುತ್ತಾರೆ ಎಂದು ತಿಳಿದರೆ ಆ ಸಂಜೆಗೆ ಅದು ಸಾಕಷ್ಟು ಗಳಿಕೆ.

ನಿಜವಾದ ಜಗಳಗಳಲ್ಲಿ ಮೂರೂ ಬೆರೆತಿರುತ್ತವೆ. ಬಿಡಿಸಲು ಒಂದು ಪ್ರಶ್ನೆ ನೆರವಾಗುತ್ತದೆ: ಯಾವ ಸಂಗತಿ ಗೊತ್ತಾದರೆ ನನ್ನ ಅಭಿಪ್ರಾಯ ಬದಲಾದೀತು? ಇದನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಭೇದ ಸಂಗತಿಯದು, ಆ ಸಂಗತಿಯನ್ನು ಹುಡುಕಿ. ಏನು ಗೊತ್ತಾದರೂ ಬದಲಾಗುವುದಿಲ್ಲ ಎನಿಸಿದರೆ ನೀವು ಹಿತಕ್ಕೋ ಮೌಲ್ಯಕ್ಕೋ ನಿಂತಿದ್ದೀರಿ. ಹಾಗೆಂದು ಬಾಯಿಬಿಟ್ಟು ಹೇಳಿ. ಅಂಕಿಸಂಖ್ಯೆಗಳ ಹಿಂದೆ ಅಡಗಬೇಡಿ.

ಎರಡನೆಯದು: ಹೊತ್ತು, ಜಾಗ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ, ಅಡಿಕೆ ಬೇಯಿಸುವ ಒಲೆಯ ಮುಂದೆ, ನೆಂಟರು ಕುಳಿತ ಜಗಲಿಯಲ್ಲಿ, ಶ್ರಾದ್ಧದ ಊಟದ ಪಂಕ್ತಿಯಲ್ಲಿ ದೊಡ್ಡ ವಿಷಯ ಎತ್ತಬೇಡಿ. ನಾಲ್ಕು ಜನರ ಎದುರಿಗೆ ಮಾತು ಬಂದರೆ ಮನುಷ್ಯ ವಿಷಯವನ್ನು ಬಿಟ್ಟು ಮಾನವನ್ನು ಕಾಯಲು ತೊಡಗುತ್ತಾನೆ. ಮೊದಲೇ ಹೇಳಿ: "ನೀರಿನ ಸರದಿಯ ವಿಷಯ ಮಾತಾಡಬೇಕಿತ್ತು ಭಾವ, ಇವತ್ತು ಸಂಜೆ ಆದೀತೇ, ಭಾನುವಾರ ಒಳ್ಳೆಯದೇ?" ಹೊತ್ತನ್ನು ಅವರೇ ಆರಿಸಲಿ. ಸಾಧ್ಯವಾದರೆ ತೋಟದಲ್ಲಿ ನಡೆಯುತ್ತ ಮಾತಾಡಿ. ಮುಖಕ್ಕೆ ಮುಖ ಕೊಟ್ಟು ಕೂತಾಗ ಬರುವ ಬಿಗಿ ಜೊತೆಗೆ ನಡೆಯುವಾಗ ಬರುವುದಿಲ್ಲ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಖಂಡಿತ ಬೇಡ.

ಮೂರನೆಯದು: ಎದುರಿನವರ ಪಾತ್ರವನ್ನು ನೀವು ಹೇಳಿ

ಎಲ್ಲ ಹೆಜ್ಜೆಗಳಲ್ಲಿ ಇದೇ ದೊಡ್ಡದು. ಉಳಿದದ್ದನ್ನೆಲ್ಲ ಮರೆತು ಇದೊಂದನ್ನು ರೂಢಿಸಿಕೊಂಡರೂ ಲಾಭವಿದೆ.

ನಮ್ಮ ಕಡೆ ಈಗ ಹಲವು ಮನೆಗಳಲ್ಲಿ ನಡೆಯುವ ಮಾತನ್ನೇ ತೆಗೆದುಕೊಳ್ಳೋಣ. ಗದ್ದೆಗೆ ಅಡಿಕೆ ಸಸಿ ಹಾಕಬೇಕೆಂದು ತಮ್ಮನ ಮಗ ಹೇಳುತ್ತಾನೆ, ಕೂಡದು ಎಂದು ದೊಡ್ಡಪ್ಪ ಹೇಳುತ್ತಾರೆ. "ನಿಮಗೆ ಹಳೆಯದರ ಮೋಹ ದೊಡ್ಡಪ್ಪ" ಎಂದು ಹುಡುಗ ಶುರು ಮಾಡಿದರೆ ಮಾತು ಅಲ್ಲೇ ಸತ್ತಿತು. ಅವನು ಹೀಗೆ ಶುರು ಮಾಡಲಿ:

"ದೊಡ್ಡಪ್ಪ, ನೀವು ಹೇಳಿದ್ದು ನನಗೆ ಹೀಗೆ ತಿಳಿಯಿತು. ಅಡಿಕೆಯ ದರ ಏರಿದ್ದನ್ನೂ ಬಿದ್ದದ್ದನ್ನೂ ನೀವು ನೋಡಿದ್ದೀರಿ. ಇದ್ದ ಜಾಗಕ್ಕೆಲ್ಲ ಅಡಿಕೆ ಹಾಕಿ ಒಂದು ವರ್ಷ ಕೊಳೆ ಬಂದರೆ ಮನೆಯಲ್ಲಿ ಹಣವೂ ಇಲ್ಲ, ಅಕ್ಕಿಯೂ ಇಲ್ಲ ಎಂದಾಗಬಾರದು. ಗದ್ದೆಯ ಹುಲ್ಲು ಹೋದರೆ ಕೊಟ್ಟಿಗೆ ಖಾಲಿಯಾಗುತ್ತದೆ, ಕೊಟ್ಟಿಗೆ ಖಾಲಿಯಾದರೆ ತೋಟಕ್ಕೆ ಗೊಬ್ಬರವಿಲ್ಲ. ಇದೇ ಅಲ್ಲವೇ? ಬಿಟ್ಟದ್ದೇನಾದರೂ ಇದೆಯೇ?"

"ಇದೆ. ಮೇಲಿನ ಗದ್ದೆಯ ಅಂಚಿನಲ್ಲಿ ಹೋಗುವ ಕಾಲುವೆ ಕೆಳಗಿನ ಮನೆಯವರದು. ನೀವು ಬಸಿಗಾಲುವೆ ತೆಗೆದು ತೋಟ ಮಾಡಿದರೆ ಅವರಿಗೆ ನೀರಿಲ್ಲ. ಅವರ ಅಜ್ಜನಿಗೆ ನನ್ನ ಅಪ್ಪ ಕೊಟ್ಟ ಮಾತು ಅದು."

ಗಮನಿಸಿ, ಅಷ್ಟು ದಿನದ ಜಗಳದಲ್ಲಿ ಕಾಲುವೆಯ ಮಾತೇ ಬಂದಿರಲಿಲ್ಲ. ತನ್ನ ಮಾತು ಎದುರಿನವನಿಗೆ ತಲುಪಿದೆ ಎಂದು ಖಾತ್ರಿಯಾದ ಮೇಲೆ ಹಿರಿಯರು ಒಳಗಿನ ಮಾತು ತೆಗೆದರು. ತಲುಪದ ತನಕ ಮನುಷ್ಯ ಅದನ್ನೇ ಮತ್ತೆ ಮತ್ತೆ, ಪ್ರತಿ ಸಲ ದನಿ ಏರಿಸಿ ಹೇಳುತ್ತಾನೆ. ಅದನ್ನು ನಾವು ಹಟ ಎಂದು ಕರೆಯುತ್ತೇವೆ.

ಇದನ್ನು ಮಾಡುವಾಗ ಕೆಲವು ಎಚ್ಚರಗಳಿವೆ. ಅವರ ಪದಗಳನ್ನೇ ಬಳಸಿ. ಅವರ ಕಾರಣಗಳಲ್ಲಿ ಬಲವಾದದ್ದನ್ನು ಮೊದಲು ಹೇಳಿ, ದುರ್ಬಲವಾದ ಒಂದನ್ನು ಆರಿಸಿ ಅದಕ್ಕೇ ಬಾಣ ಬಿಡಬೇಡಿ. ನಡುವೆ ನಿಮ್ಮ ತೀರ್ಪು ತೂರಿಸಬೇಡಿ. "ನೀವು ಹೆದರುತ್ತಿದ್ದೀರಿ" ಎಂಬುದು ಅವರ ಮಾತಲ್ಲ, ನಿಮ್ಮ ತೀರ್ಪು. ಅವರು "ಹೌದು, ಅದನ್ನೇ ಹೇಳಿದ್ದು" ಎನ್ನುವ ತನಕ ಮುಂದೆ ಹೋಗಬೇಡಿ. ಅಲ್ಲ ಎಂದರೆ ಮತ್ತೊಮ್ಮೆ ಕೇಳಿಸಿಕೊಂಡು ಮತ್ತೊಮ್ಮೆ ಹೇಳಿ. ಇದರಿಂದ ನಿಮ್ಮ ಪಕ್ಷ ಸೋತಂತೆ ಆಗುವುದಿಲ್ಲ. ವಾಲಿಯ ಮಾತನ್ನು ಪೂರ್ತಿ ಕೇಳಿದ ರಾಮ ಸೋಲುವುದಿಲ್ಲ.

ಅಭ್ಯಾಸಕ್ಕೆ ಮನೆಯಲ್ಲೇ ಪಾತ್ರ ಬದಲಾಯಿಸಿಕೊಳ್ಳಿ. ಮಗಳನ್ನು ಓದಲು ಧಾರವಾಡಕ್ಕೆ ಕಳಿಸುವುದೋ ಶಿರಸಿಯಲ್ಲೇ ಸಾಕೋ ಎಂಬ ಮಾತು ಎದ್ದಿದೆ ಎಂದುಕೊಳ್ಳಿ. ಧಾರವಾಡ ಬೇಕೆನ್ನುವ ಮಗಳು ಹತ್ತು ನಿಮಿಷ ಬೇಡ ಎಂಬ ಪಕ್ಷ ವಹಿಸಲಿ, ಬೇಡ ಎನ್ನುವ ತಾಯಿ ಬೇಕು ಎಂದು ವಾದಿಸಲಿ. ಅಣಕಕ್ಕೆ ಎಡೆಯಿಲ್ಲ, ಮನಸ್ಸಿಟ್ಟು ವಾದಿಸಬೇಕು. ಹೊಸಬರಿಗೆ ಮೊದಮೊದಲು ನಾಲ್ಕು ವಾಕ್ಯಕ್ಕೇ ಮಾತು ನಿಂತುಬಿಡುತ್ತದೆ. ಎದುರಿನ ಪಕ್ಷ ನಮಗೆ ಎಷ್ಟು ಕಡಿಮೆ ಗೊತ್ತಿತ್ತು ಎಂಬುದು ಆಗ ತಿಳಿಯುತ್ತದೆ.

ನಾಲ್ಕನೆಯದು: ನಿಮ್ಮ ಮಾತು

ಈಗ ನಿಮ್ಮ ಸರದಿ. ಒಪ್ಪುವ ಅಂಶವನ್ನು ಹೆಸರಿಟ್ಟು ಹೇಳಿ. "ನೀವು ಹೇಳುವುದು ಸರಿ, ಆದರೆ" ಎಂದು ತೇಲಿಸಿದರೆ ಕೇಳುವವರ ಕಿವಿಗೆ ಬೀಳುವುದು "ಆದರೆ" ನಂತರದ್ದು ಮಾತ್ರ. ಯಾವುದು ಸರಿ ಎಂದು ಹೇಳಿ ವಾಕ್ಯ ಮುಗಿಸಿ, ಒಂದು ಉಸಿರು ಬಿಡಿ. ಆಮೇಲೆ ಒಪ್ಪದ ಅಂಶವನ್ನು ಒಂದೇ ವಾಕ್ಯದಲ್ಲಿ ಹೇಳಿ. ಒಂದು ವಾಕ್ಯಕ್ಕೆ ಇಳಿಯದಿದ್ದರೆ ನಿಮಗೇ ಅದು ಇನ್ನೂ ಸ್ಪಷ್ಟವಾಗಿಲ್ಲ. ಅನಂತರ ಕಾರಣ, ಕೊನೆಗೆ ಒಂದು ಸೂಚನೆ.

"ಕಾಲುವೆ ಮುಚ್ಚುವಂತಿಲ್ಲ, ಇದು ನನಗೂ ಒಪ್ಪಿಗೆ. ಅಕ್ಕಿ ಮನೆಯಲ್ಲಿ ಬೆಳೆಯಬೇಕು ಎಂಬುದೂ ಒಪ್ಪಿಗೆ. ಐದೂ ಗದ್ದೆ ಹೀಗೇ ಇರಬೇಕೆಂಬುದು ಮಾತ್ರ ನನಗೆ ಒಪ್ಪಿಗೆಯಿಲ್ಲ ದೊಡ್ಡಪ್ಪ. ನಾಟಿಗೆ ಆಳು ಸಿಗುತ್ತಿಲ್ಲ, ಕಾಡಿನ ಅಂಚಿನ ಎರಡು ಗದ್ದೆಯಲ್ಲಿ ಹಂದಿ ತಿಂದು ಉಳಿದದ್ದೇ ನಮಗೆ. ಆ ಎರಡಕ್ಕೆ ಸಸಿ ಹಾಕಿ ಕಾಲುವೆಯ ಬದಿಯ ಮೂರನ್ನು ಉಳಿಸೋಣವೇ?"

"ನೀವು ಯಾವಾಗಲೂ ಹೀಗೆ", "ನಿಮಗೆ ಇದೆಲ್ಲ ತಿಳಿಯುವುದಿಲ್ಲ", "ಊರಿನವರೆಲ್ಲ ಹೇಳುತ್ತಾರೆ": ಈ ಮೂರು ಮಾತುಗಳನ್ನು ಪೂರ್ತಿ ಬಿಟ್ಟುಬಿಡಿ. ಮೊದಲನೆಯದು ಹಳೆಯ ಲೆಕ್ಕವನ್ನೆಲ್ಲ ತೆರೆಯುತ್ತದೆ, ಎರಡನೆಯದು ವಿಷಯವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯುತ್ತದೆ, ಮೂರನೆಯದು ಇಲ್ಲದ ಜನರನ್ನು ಸಾಕ್ಷಿಗೆ ಕರೆಯುತ್ತದೆ. ಪ್ರಶ್ನೆ ಕೇಳುವಾಗಲೂ ಉತ್ತರ ಗೊತ್ತಿದ್ದು ಸಿಕ್ಕಿಸಲು ಕೇಳಬೇಡಿ. "ಇದು ನಿಮಗೆ ಯಾವಾಗಿನಿಂದ ಹೀಗೆ ಅನಿಸುತ್ತಿದೆ?" ಎಂಬ ಒಂದು ಪ್ರಶ್ನೆಯಿಂದ ಹೊರಡುವಷ್ಟು ಕಥೆ ಹತ್ತು ಅಡ್ಡಪ್ರಶ್ನೆಗಳಿಂದ ಹೊರಡುವುದಿಲ್ಲ.

ಐದನೆಯದು: ಯಾರು ಎತ್ತರದಲ್ಲಿದ್ದಾರೆ?

ಗೌರವದಿಂದ ಮಾತಾಡಬೇಕು ಎಂಬ ಉಪದೇಶ ನಮ್ಮಲ್ಲಿ ಕಿರಿಯರಿಗೆ, ಸೊಸೆಯರಿಗೆ, ಕೆಲಸಕ್ಕೆ ಬರುವವರಿಗೆ ಮಾತ್ರ ಸಿಗುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯ. ಎತ್ತರದಲ್ಲಿ ಕೂತವರಿಗೆ ಎದುರು ಮಾತು ಕೇಳಿಸಿಕೊಳ್ಳುವ ಹೊಣೆ ಹೆಚ್ಚು, ಏಕೆಂದರೆ ಹೇಳುವವರಿಗೆ ಅಪಾಯ ಹೆಚ್ಚು.

ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು "ಇವತ್ತು ಮರ ಜಾರುತ್ತದೆ" ಎಂದರೆ ಅದು ತಕರಾರಲ್ಲ, ಮರದ ತುದಿಯಲ್ಲಿ ತೂಗುವವರ ಜ್ಞಾನ. ಕೆಳಗೆ ನಿಂತವರು ವಾದಿಸಬಾರದು. ಸೊಸೆ ಮಾತಾಡದೆ ಇದ್ದರೆ ಒಪ್ಪಿದ್ದಾಳೆ ಎಂದು ಬಗೆಯುವ ಮನೆಯಲ್ಲಿ ನಿಜವಾದ ಒಪ್ಪಿಗೆ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ನೀವು ಯಜಮಾನರೋ ಅಧ್ಯಕ್ಷರೋ ಆಗಿದ್ದರೆ "ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳುವುದನ್ನು ಬಿಡಿ. ಆ ಪ್ರಶ್ನೆಗೆ ತಲೆಯಾಡಿಸುವುದೊಂದೇ ಉತ್ತರ. "ಇದರಲ್ಲಿ ನಿಮಗೆ ಸರಿಯೆನಿಸದ್ದು ಯಾವುದು?" ಎಂದು ಕೇಳಿ, ಕಿರಿಯರಿಂದ ಶುರು ಮಾಡಿ, ಎಲ್ಲರದೂ ಮುಗಿದ ಮೇಲೆ ನಿಮ್ಮದು ಹೇಳಿ. ಸಭೆಯಲ್ಲಿ ಬಾಯಿ ಬಾರದವರನ್ನು ಆಮೇಲೆ ಬೇರೆಯಾಗಿ ಕೇಳಿ. ಹೇಳಿದ್ದಕ್ಕಾಗಿ ಅವರಿಗೆ ಏನೂ ತೊಂದರೆಯಾಗದಂತೆ ನೋಡಿಕೊಳ್ಳಿ. ಒಬ್ಬರಿಗೆ ತೊಂದರೆಯಾದರೆ ಮುಂದಿನ ಹತ್ತು ಜನ ಬಾಯಿ ತೆರೆಯುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಹೇಳುವವರಿಗೂ ಒಂದು ಮಾತು. "ಹೆಗಡೆಯವರೇ, ನನಗೆ ಬೇರೆ ರೀತಿ ಕಾಣುತ್ತದೆ, ಹೇಳಬಹುದೇ?" ಎಂಬುದರಲ್ಲಿ ವಿನಯವಿದೆ, ಶರಣಾಗತಿಯಿಲ್ಲ. ಹಿರಿಯರಿಗೆ ಒಬ್ಬರೇ ಇದ್ದಾಗ ಹೇಳಿ, ಅವರು ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳಲು ಜಾಗವಿರಲಿ.

ಕಾರವಾರ, ಅಂಕೋಲೆಯ ಕಡೆ ಭಾಷೆಯ ಎತ್ತರವೂ ಇದೆ. ಕನ್ನಡದಲ್ಲಿ ನಡೆಯುವ ಸಭೆಯಲ್ಲಿ ಕೊಂಕಣಿ ಮನೆಮಾತಿನ ಹಿರಿಯ ಮಹಿಳೆ ಸುಮ್ಮನೆ ಕೂತರೆ ಅವರಿಗೆ ಹೇಳಲು ಏನೂ ಇಲ್ಲವೆಂದಲ್ಲ. ನೋವಿನ ಮಾತು ಮನೆಮಾತಿನಲ್ಲೇ ಬರುತ್ತದೆ. ಕೊಂಕಣಿಯಲ್ಲಿ ಹೇಳಿಸಿ, ಬಲ್ಲವರೊಬ್ಬರು ಕನ್ನಡದಲ್ಲಿ ಹೇಳಲಿ, ಹೇಳಿದ್ದು ಸರಿಯಾಯಿತೇ ಎಂದು ಅವರನ್ನೇ ಕೇಳಿ.

ಆರನೆಯದು: ಸಭೆಯಲ್ಲಿ, ಸರ್ಕಾರದ ಎದುರು

ಬೇಡ ಎಂದು ಹೇಳುವುದರಲ್ಲಿ ಈ ಜಿಲ್ಲೆಗೆ ಒಳ್ಳೆಯ ಪರಂಪರೆಯಿದೆ. ಗಂಗಾವಳಿಯಾಗಿ ಸಮುದ್ರ ಸೇರುವ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರು ಘೋಷಣೆ ಕೂಗುವುದಕ್ಕೇ ನಿಲ್ಲಲಿಲ್ಲ. 1981ರಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ಕರೆದು, ವಿಜ್ಞಾನಿಗಳನ್ನು ಕೂರಿಸಿ, ಯೋಜನೆಯ ಲಾಭನಷ್ಟದ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ಚರ್ಚಿಸಿದರು. ಎದುರಿನವರ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಓದುವುದು ಎಂದರೆ ಇದೇ. ಯೋಜನೆ ಕೈಬಿಡಲಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಅಪ್ಪಿಕೊ ಚಳವಳಿ ಶುರು ಮಾಡಿದಾಗ ಮರ ಕಡಿಯಲು ಬಂದ ಕೂಲಿಯವರ ಮೇಲೆ ಕೈ ಮಾಡಲಿಲ್ಲ, ಮರವನ್ನು ಅಪ್ಪಿ ನಿಂತರು. ವಿರೋಧ ತೀರ್ಮಾನಕ್ಕೆ, ಕೊಡಲಿ ಹಿಡಿದ ಬಡವನಿಗಲ್ಲ ಎಂಬ ವಿವೇಕ ಅದರಲ್ಲಿತ್ತು.

ನೀವು ಇಂದು ಬಳಸಬಹುದಾದ ದಾರಿಗಳು ಹಲವಿವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಪರಿಸರ ಅನುಮತಿ ಬೇಕಾದ ಬಹುಪಾಲು ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ. ಅದಕ್ಕೆ ಕನಿಷ್ಠ 30 ದಿನ ಮುಂಚಿತವಾಗಿ ಪ್ರಕಟಣೆ ಬರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಭೆ ನಡೆಸಬೇಕು, ವಿಡಿಯೊ ಚಿತ್ರೀಕರಣ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಲಿಖಿತ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಆ 30 ದಿನಗಳಲ್ಲಿ ವರದಿ ಓದಿ, ಯಾವ ಪುಟದ ಯಾವ ಹೇಳಿಕೆಗೆ ನಿಮ್ಮ ಆಕ್ಷೇಪವಿದೆ ಎಂದು ಬರೆದುಕೊಳ್ಳಿ. ಒಬ್ಬೊಬ್ಬರು ಒಂದೊಂದು ಅಂಶ ಹಂಚಿಕೊಂಡು ಮಾತಾಡಿ. ಇಪ್ಪತ್ತು ಜನ ಒಂದೇ ಸಿಟ್ಟನ್ನು ಹೇಳಿದರೆ ದಾಖಲೆಯಲ್ಲಿ ಒಂದು ಸಾಲು ಬರುತ್ತದೆ. ಇಪ್ಪತ್ತು ಜನ ಇಪ್ಪತ್ತು ಪ್ರಶ್ನೆ ಕೇಳಿದರೆ ಇಪ್ಪತ್ತಕ್ಕೂ ಉತ್ತರ ಬರೆಯಬೇಕಾಗುತ್ತದೆ. ನಡಾವಳಿ ಓದುವ ಮುಂಚೆ ಎದ್ದು ಹೋಗಬೇಡಿ.

ಸಂಘದ ಸಭೆಯಲ್ಲಿ ಮತಕ್ಕೆ ಹಾಕಿ ನೀವು ಸೋತರೆ ಕೂಗಾಡದೆ ನಿಮ್ಮ ಭಿನ್ನಮತವನ್ನು ಕಾರಣಸಹಿತ ನಡಾವಳಿಯಲ್ಲಿ ಬರೆಸಿ. ಮುಂದಿನ ವರ್ಷ ಆ ಪುಟ ಕೆಲಸಕ್ಕೆ ಬರುತ್ತದೆ.

ಸಿಟ್ಟು ಬಂದಾಗ, ಮಿತಿ ಮೀರಿದಾಗ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದನಿ ನಡುಗಲು ಶುರುವಾದರೆ ನಿಲ್ಲಿಸಿ. ನಿಲ್ಲಿಸುವಾಗ ಮತ್ತೆ ಕೂರುವ ಹೊತ್ತನ್ನೂ ಹೇಳಿ: "ನನಗೆ ಈಗ ಸಿಟ್ಟು ಬರುತ್ತಿದೆ, ನಾಳೆ ಬೆಳಿಗ್ಗೆ ತಿಂಡಿಯಾದ ಮೇಲೆ ಮುಂದುವರಿಸೋಣ." ಹೊತ್ತು ಹೇಳದೆ ಎದ್ದುಹೋದರೆ ಅದನ್ನು ಎದುರಿನವರು ಮಾತು ಬಿಟ್ಟದ್ದು ಎಂದೇ ತಿಳಿಯುತ್ತಾರೆ.

ಎಲ್ಲದಕ್ಕೂ ಈ ತಾಳ್ಮೆ ಸಲ್ಲುವುದಿಲ್ಲ. ಒಬ್ಬರ ಜಾತಿಯನ್ನು, ಹೆಣ್ಣೆಂಬುದನ್ನು, ಹುಟ್ಟನ್ನು ಹೀಯಾಳಿಸುವುದು ಅಭಿಪ್ರಾಯಭೇದವಲ್ಲ. ಅಲ್ಲಿ ಎದುರಿನವರ ಪಾತ್ರ ಹೇಳಲು ಕೂರಬೇಡಿ. "ಈ ಮಾತು ಇಲ್ಲಿ ಆಡಕೂಡದು" ಎಂದು ಹೇಳಿ, ಕೇಳದಿದ್ದರೆ ಎದ್ದು ಬನ್ನಿ. ಬೆದರಿಕೆ ಹಾಕುವವರ ಜೊತೆ ಒಬ್ಬರೇ ಮಾತಿಗೆ ಹೋಗಬೇಡಿ.

ಕೊನೆಯ ಹೆಜ್ಜೆ: ಬರೆದಿಡಿ, ಮತ್ತೆ ಕೂರುವ ದಿನ ಗೊತ್ತುಮಾಡಿ

ಎದುರಿನವರ ಮಾತು ಸರಿಯೆಂದು ಮನಸ್ಸಿಗೆ ಬಂದರೆ ಅದನ್ನು ವಾದ ನಡೆದ ಜಾಗದಲ್ಲೇ, ಅದೇ ಜನರ ಎದುರು ಹೇಳಿ. ಸಭೆಯಲ್ಲಿ ವಿರೋಧಿಸಿ ಅಡುಗೆಮನೆಯಲ್ಲಿ ಒಪ್ಪಿಕೊಂಡರೆ ಸಾಲದು.

ಬಹಳ ಸಲ ಪೂರ್ತಿ ಒಪ್ಪಿಗೆ ಬರುವುದೇ ಇಲ್ಲ. ಆಗ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆಯಿರಿ: ಒಪ್ಪಿದ್ದು, ಒಪ್ಪದೆ ಉಳಿದದ್ದು, ಮತ್ತೆ ಯಾವಾಗ ನೋಡುವುದು. ದೊಡ್ಡಪ್ಪ ಮತ್ತು ತಮ್ಮನ ಮಗನ ಹಾಳೆ ಹೀಗಿರಬಹುದು. ಕಾಲುವೆಯ ಬದಿಯ ಮೂರು ಗದ್ದೆಯಲ್ಲಿ ಭತ್ತವೇ ಇರಲಿ. ಕಾಡಿನ ಅಂಚಿನ ಒಂದು ಗದ್ದೆಗೆ ಈ ಮಳೆಗಾಲದಲ್ಲಿ ಸಸಿ ಹಾಕುವುದು. ಇನ್ನೊಂದರ ಬಗ್ಗೆ ಇಬ್ಬರಿಗೂ ಒಪ್ಪಿಗೆಯಾಗಿಲ್ಲ, ಈ ವರ್ಷ ಅದಕ್ಕೆ ಹಂದಿ ಬಾರದಂತೆ ಬೇಲಿ ಹಾಕಿ ಭತ್ತ ಬೆಳೆದು ನೋಡುವುದು. ಕೊಯ್ಲಾದ ಮೇಲೆ ಎಷ್ಟು ಚೀಲ ಸಿಕ್ಕಿತು, ಆಳಿನ ಖರ್ಚೆಷ್ಟು ಎಂದು ಲೆಕ್ಕ ಹಾಕಿ, ಮುಂದಿನ ಸಸಿ ನೆಡುವ ಮುಂಚೆ ಮತ್ತೆ ಕೂರುವುದು. ಆ ದಿನ ಕೆಳಗಿನ ಮನೆಯವರನ್ನೂ ಕರೆಯುವುದು.